ಯಂತ್ರದ ಕೊಳಲೂ ಉಸಿರಿನ ಗೆರೆಯೂ

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ವರ್ಗವಾಗಿ ವಿಂಗಡಿಸಿದ ಭರತಮುನಿಯ ಕ್ರಮವು ಸಂಗೀತವನ್ನು ಅಲ್ಪಸ್ವಲ್ಪ ಬಲ್ಲವರಿಗೂ ಪರಿಚಿತವಾದುದೇ. ಈ ನಾಲ್ಕರಲ್ಲಿ ಸುಷಿರಕ್ಕೆ, ಎಂದರೆ ಕೊಳಲು, ನಾಗಸ್ವರ, ಮುಖವೀಣೆ ಮೊದಲಾದ ಊದುವ ವಾದ್ಯಗಳಿಗೆ, ಒಂದು ವಿಶೇಷವುಂಟು. ವೀಣೆಯ ತಂತಿಯನ್ನು ಮೀಟಿದ ಮೇಲೆ ಆ ನಾದವು ತನ್ನಷ್ಟಕ್ಕೆ ತಾನೇ ಕ್ಷೀಣಿಸುತ್ತ ಹೋಗುವುದು; ವೈಣಿಕನು ತಂತಿಯನ್ನು ಎಳೆದು ಸ್ವರವನ್ನು ಏರಿಸಬಲ್ಲನೇ ಹೊರತು, ಕುಗ್ಗಿದ ನಾದವನ್ನು ಮತ್ತೆ ಮೀಟದೆ ಹಿಗ್ಗಿಸಲಾರನು. ಮೃದಂಗದ ಪೆಟ್ಟೂ ತಾಳದ ಕಂಚೂ ಹಾಗೆಯೇ. ಕೊಳಲಿನವನ ಸ್ಥಿತಿ ಬೇರೆ. ಅವನ ನಾದವು ಹುಟ್ಟುವುದೂ ಬೆಳೆಯುವುದೂ ತಗ್ಗುವುದೂ ಅಡಗುವುದೂ ಅವನ ಉಸಿರಿನ ಅಧೀನ. ಒಂದು ಸ್ವರವು ಹತ್ತು ಮಾತ್ರೆಗಳ ಕಾಲ ನಿಂತರೆ ಆ ಹತ್ತು ಮಾತ್ರೆಗಳ ಪ್ರತಿಯೊಂದು ಕ್ಷಣಕ್ಕೂ ಅವನೇ ಹೊಣೆ. ಈ ಹೊಣೆಯನ್ನು ಯಂತ್ರಕ್ಕೆ ವಹಿಸಿದರೆ ಏನಾಗುತ್ತದೆಂಬುದೇ ಈ ಲೇಖನದ ವಿಚಾರ.

ಇದು ಪಂಡಿತರ ಜಿಜ್ಞಾಸೆಗೆ ಮಾತ್ರ ಸೇರಿದ ವಿಷಯವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಸುತ್ತಮುತ್ತ ಇಂದು ನಮ್ಮ ಕಿವಿಗೆ ಬೀಳುವ ಕೊಳಲಿನ ಧ್ವನಿಯೆಲ್ಲವೂ ಬಿದಿರಿನಿಂದ ಬಂದದ್ದಲ್ಲ. ಹಳ್ಳಿಯ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟರ ಪಕ್ಕದಲ್ಲಿ ವಿದ್ಯುತ್ ಕೀಬೋರ್ಡು ಬಂದು ಕುಳಿತಿದೆ. ಶ್ರೀಕೃಷ್ಣನ ಪ್ರವೇಶಕ್ಕೆ ಮುರಳೀನಾದವನ್ನು ಒದಗಿಸುವುದು ಅದೇ. ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದೇವರನಾಮಗಳನ್ನೂ ತತ್ತ್ವಪದಗಳನ್ನೂ ಮುದ್ರಿಸುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಹಾಡಿಗೆ ಮುನ್ನುಡಿಯಾಗಿ ಬರುವ ಕೊಳಲೂ ಬಹುಮಟ್ಟಿಗೆ ಯಂತ್ರದ್ದೇ. ಎಷ್ಟೋ ಮದುವೆಯ ಛತ್ರಗಳಲ್ಲಿ ಮುಹೂರ್ತದ ನಾಗಸ್ವರವೂ ಧ್ವನಿವರ್ಧಕದಿಂದಲೇ ಹೊರಡುತ್ತದೆ. ಮಕ್ಕಳ ಕಿವಿಯು ಈ ಧ್ವನಿಗಳಿಂದಲೇ ಸಂಸ್ಕಾರಗೊಳ್ಳುತ್ತಿರುವಾಗ ಇವುಗಳ ಗುಣದೋಷಗಳನ್ನು ವಿಚಾರಿಸದೆ ಬಿಡುವುದು ಸಾಹಿತ್ಯಸಂಗೀತಗಳಲ್ಲಿ ಆಸಕ್ತಿಯುಳ್ಳವರಿಗೆ ಒಪ್ಪುವ ಮಾತಲ್ಲ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ವಾದಕನೊಬ್ಬನಿಂದ ಕೊಳಲಿನ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಊದಿಸಿ, ಆ ನಾದವನ್ನು ಸೆಕೆಂಡಿಗೆ ೪೪,೧೦೦ ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಅಳೆದು, ಸಂಖ್ಯೆಗಳ ರೂಪದಲ್ಲಿ ಕೂಡಿಡುತ್ತಾರೆ. ಹೀಗೆ ಕೂಡಿಟ್ಟ ತುಣುಕಿಗೆ ಸ್ಯಾಂಪಲ್, ಎಂದರೆ ಮಾದರಿ, ಎಂದು ಹೆಸರು. ಕೀಲಿಯನ್ನು ಒತ್ತಿದಾಗ ಆ ಮಾದರಿಯು ಮತ್ತೆ ನುಡಿಯುತ್ತದೆ. ಈ ಉಪಾಯವು ಹಳೆಯದು. ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮೆಲೋಟ್ರಾನ್ ಎಂಬ ವಾದ್ಯದಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು ಇರುತ್ತಿತ್ತು. ಬೀಟಲ್ಸ್ ಗಾಯಕರು ೧೯೬೭ರಲ್ಲಿ ಹೊರಬಂದ ತಮ್ಮ ಪ್ರಸಿದ್ಧವಾದೊಂದು ಹಾಡಿನ ಆರಂಭಕ್ಕೆ ಬಳಸಿದ ಕೊಳಲು ಈ ಯಂತ್ರದ್ದೇ. ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಸುಮಾರು ೮ ಸೆಕೆಂಡಿಗೆ ಟೇಪು ಮುಗಿದು ನಾದವು ನಿಲ್ಲುತ್ತಿತ್ತು. ಆ ಯಂತ್ರಕ್ಕೂ ಒಂದು ಬಗೆಯಲ್ಲಿ ಉಸಿರು ಮುಗಿಯುತ್ತಿತ್ತೆನ್ನಬಹುದು. ೧೯೭೯ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿದ್ಧವಾದ ಫೇರ್‌ಲೈಟ್ ಎಂಬ ಯಂತ್ರದಿಂದ ಮೊದಲ್ಗೊಂಡು ಮಾದರಿಯು ಸಂಖ್ಯಾರೂಪವನ್ನು ತಾಳಿತು. ಇಂದಿನ ಯಂತ್ರಗಳಲ್ಲಿ ಮಾದರಿಯ ನಡುವಣ ಭಾಗವನ್ನು ಸುತ್ತಿಸುತ್ತಿ ನುಡಿಸುವುದರಿಂದ ನಾದಕ್ಕೆ ಕೊನೆಯೆಂಬುದೇ ಇಲ್ಲ. ಕೊಳಲಿಗೆ ಉಸಿರು ತೆಗೆದುಕೊಳ್ಳುವ ಅಗತ್ಯವೇ ತಪ್ಪಿಹೋಯಿತು. ಇದು ಸೌಕರ್ಯವೋ ಅನರ್ಥವೋ ಎಂಬುದನ್ನು ಮುಂದೆ ನೋಡೋಣ.

ಮಾದರಿಯೊಂದೇ ಸಾಲದು. ನಾದವು ಎಷ್ಟು ವೇಗವಾಗಿ ಎದ್ದು, ಎಷ್ಟು ಹೊತ್ತು ನಿಂತು, ಹೇಗೆ ಅಡಗಬೇಕೆಂಬುದನ್ನೂ ಯಂತ್ರಕ್ಕೆ ಹೇಳಬೇಕು. ಈ ವಿಧಿಗೆ ಎನ್ವಲಪ್, ಎಂದರೆ ನಾದದ ಹೊದಿಕೆ, ಎಂದು ಹೆಸರು. ಇದರ ಹುಟ್ಟು ಸ್ವಾರಸ್ಯವಾದುದು. ೧೯೬೦ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬಾತನು ವಿದ್ಯುದ್ವಾದ್ಯವನ್ನು ಕಟ್ಟುತ್ತಿದ್ದಾಗ ಅದರ ಸ್ವರಗಳು ದೀಪವನ್ನು ಹಚ್ಚಿ ಆರಿಸಿದಂತೆ ಥಟ್ಟನೆ ಬಂದು ಥಟ್ಟನೆ ಹೋಗುತ್ತಿದ್ದುವು. ಸಂಗೀತಕಾರನಾದ ಹರ್ಬರ್ಟ್ ಡಾಯ್ಚ್‌ನ ಸಲಹೆಯ ಮೇಲೆ ಅವನು ಮನೆಬಾಗಿಲ ಕರೆಗಂಟೆಯ ಗುಂಡಿಯೊಂದನ್ನು ಜೋಡಿಸಿ, ವಿದ್ಯುತ್ತನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ಉಪಕರಣದ ಸಹಾಯದಿಂದ ನಾದಕ್ಕೆ ಏರಿಳಿತವನ್ನು ಕೊಟ್ಟನು. ವ್ಲಾಡಿಮಿರ್ ಉಸ್ಸಾಚೆವ್‌ಸ್ಕಿ ಎಂಬ ಸಂಗೀತಾಚಾರ್ಯನ ಸೂಚನೆಯಂತೆ ಮುಂದೆ ಅದು ನಾಲ್ಕು ಅವಸ್ಥೆಗಳಾಗಿ ವ್ಯವಸ್ಥೆಗೊಂಡಿತು: ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್. ನಾವು ಇವನ್ನು ಉದಯ, ಇಳಿತ, ಸ್ಥಿತಿ, ಲಯ ಎಂದು ಕರೆಯಬಹುದು. ನಾದವು ಮೊದಲು ಶಿಖರಕ್ಕೇರುವುದು ಉದಯ. ಶಿಖರದಿಂದ ಸ್ವಲ್ಪ ತಗ್ಗುವುದು ಇಳಿತ. ಕೀಲಿಯನ್ನು ಒತ್ತಿರುವವರೆಗೆ ಒಂದೇ ಸಮನಾಗಿ ನಿಲ್ಲುವುದು ಸ್ಥಿತಿ. ಬೆರಳನ್ನು ತೆಗೆದ ಮೇಲೆ ಅಡಗುವುದು ಲಯ. ಇಂದಿನ ವಿದ್ಯುದ್ವಾದ್ಯಗಳಲ್ಲಿ ಬಹುಪಾಲು ಈ ನಾಲ್ಕು ಪಾದಗಳ ಮೇಲೆಯೇ ನಿಂತಿವೆ.

ಒಂದೇ ನಾದದ ಒಳಗೆ ಆದಿ ಬೇರೆ, ಶೇಷ ಬೇರೆ ಎಂಬ ತಿಳಿವಳಿಕೆಯು ನಮಗೆ ಹೊಸದಲ್ಲ. ಸ್ವರಿತದಲ್ಲಿ ಮೊದಲಿನ ಅರ್ಧಮಾತ್ರೆಯು ಉದಾತ್ತ, ಮಿಕ್ಕದ್ದು ಅನುದಾತ್ತ ಎಂದು ಪಾಣಿನಿಯು ವಿಧಿಸಿದ್ದಾನೆ. ಅಲ್ಲಿ ಹೇಳಿರುವುದು ಸ್ಥಾಯಿಯ ಭೇದವೇ ಹೊರತು ಗಾತ್ರದ ಭೇದವಲ್ಲವೆಂಬುದು ನಿಜ. ಆದರೂ ಒಂದು ಅಚ್ಚಿನ ಒಳಗೆ ಕಾಲಕ್ರಮದಲ್ಲಿ ರೂಪವು ಬದಲಾಗುತ್ತದೆಂಬ ಸೂಕ್ಷ್ಮವು ಅಲ್ಲಿ ಸ್ಪಷ್ಟವಾಗಿದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಇನ್ನೂ ಮುಂದುವರಿದು, ಮೊದಲು ಕೇಳಿಸುವ ಶ್ರುತಿಯ ಒಡನೆಯೇ ಹುಟ್ಟಿ, ಸ್ನಿಗ್ಧವಾಗಿ ಅನುರಣಿಸುತ್ತ, ತಾನಾಗಿಯೇ ಕೇಳುವವನ ಚಿತ್ತವನ್ನು ರಂಜಿಸುವುದೇ ಸ್ವರವೆಂಬ ಲಕ್ಷಣವನ್ನು ಕೊಟ್ಟನು. ಆದಿಯ ಸ್ಪರ್ಶವೂ ಅದರ ಹಿಂದೆ ಹರಿಯುವ ಅನುರಣನವೂ ಕೂಡಿಯೇ ಸ್ವರವೆಂದು ಇದರ ಭಾವ. ಪಾಶ್ಚಾತ್ಯರು ಇದನ್ನೇ ಪ್ರಯೋಗದಿಂದ ಕಂಡುಕೊಂಡರು. ೧೯೪೮ರಲ್ಲಿ ಪ್ಯಾರಿಸಿನ ಪಿಯರ್ ಶೆಫರ್ ಎಂಬಾತನು ಗಂಟೆಯ ನಾದವನ್ನು ಮುದ್ರಿಸಿ, ಅದರಿಂದ ಮೊದಲ ಪೆಟ್ಟಿನ ಭಾಗವನ್ನು ಕತ್ತರಿಸಿಬಿಟ್ಟನು. ಉಳಿದುದು ಗಂಟೆಯಂತೆ ಕೇಳಿಸದೆ ಊದುವ ವಾದ್ಯದಂತೆ ಕೇಳಿಸಿತು! ಎಂದ ಮೇಲೆ ವಾದ್ಯದ ಗುರುತು ಅದರ ಸ್ಥಾಯಿಯಲ್ಲಿಯೂ ಬಣ್ಣದಲ್ಲಿಯೂ ಮಾತ್ರವಲ್ಲದೆ, ಅದರ ಗಾತ್ರವು ಕಾಲದಲ್ಲಿ ನಡೆಯುವ ನಡೆಯಲ್ಲಿಯೂ ಇದೆಯೆಂದಾಯಿತು.

ಇಷ್ಟರ ಮಟ್ಟಿಗೆ ಯಂತ್ರವನ್ನು ಕಟ್ಟಿದವರ ಬುದ್ಧಿಯನ್ನು ಪ್ರಶಂಸಿಸಲೇಬೇಕು. ಆದರೆ ಇಲ್ಲಿಯೇ ಒಂದು ಮೂಲದೋಷವು ಅಡಗಿದೆ. ಯಂತ್ರವು ಉದಯ, ಇಳಿತ, ಸ್ಥಿತಿ, ಲಯಗಳನ್ನು ಕೊಡುವುದು ಒಂದೊಂದು ಸ್ವರಕ್ಕೆ. ಉಸಿರು ಇರುವುದು ಒಂದು ಇಡೀ ಸಂಚಾರಕ್ಕೆ. ಕೊಳಲಿನವನು ಗಾಂಧಾರಕ್ಕೆ ಒಂದು ಉಸಿರು, ಪಂಚಮಕ್ಕೆ ಒಂದು ಉಸಿರು ಎಂದು ಊದುವುದಿಲ್ಲ. ಅವನ ಒಂದೇ ಉಸಿರಿನ ಮೇಲೆ ಐದಾರು ಸ್ವರಗಳು, ಕೆಲವು ವೇಳೆ ಇಪ್ಪತ್ತು ಸ್ವರಗಳು, ಸಾಲಾಗಿ ಸಾಗುತ್ತವೆ. ಬೆರಳು ಸ್ವರವನ್ನು ವಿಂಗಡಿಸುತ್ತದೆ. ಉಸಿರು ಅವನ್ನು ಪೋಣಿಸುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒಂದು ಗೂಡಿನ ಎಳೆಯು ಒಳಗೊಳಗೆ ಹೋದಂತೆ ತೆಳುವಾಗುತ್ತ ಬರುವುದು. ಬಿಚ್ಚುವವನು ಸಮಯವರಿತು ಹೊಸ ಗೂಡಿನ ಎಳೆಯನ್ನು ಸೇರಿಸಿ, ನೂಲು ಮಾತ್ರ ಒಂದೇ ಆಗಿ ಸಾಗುವಂತೆ ನೋಡಿಕೊಳ್ಳುವನು. ಗೂಡುಗಳು ಎಷ್ಟೇ ಇರಲಿ, ನೂಲು ಒಂದೇ. ಯಂತ್ರದ ಕೊಳಲಿನಲ್ಲಾದರೋ ಗೂಡುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ನೂಲನ್ನು ತೆಗೆದಿರುವುದಿಲ್ಲ.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಗಾತ್ರವನ್ನು ಹೆಚ್ಚಿಸುವುದೂ ಬಲವಾಗಿ ಊದುವುದೂ ಒಂದೇ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಬಿದಿರಿನ ಕೊಳಲನ್ನು ಬಲವಾಗಿ ಊದಿದರೆ ನಾದವು ದೊಡ್ಡದಾಗುವುದಷ್ಟೇ ಅಲ್ಲದೆ ಅದರ ಬಣ್ಣವೂ ಬದಲಾಗುತ್ತದೆ: ಮೇಲಿನ ಅನುಸ್ವರಗಳು ಬೆಳಗಿ, ನಾದವು ಚುರುಕಾಗುತ್ತದೆ, ಸ್ಥಾಯಿಯು ಒಂದು ಕೂದಲೆಳೆಯಷ್ಟು ಏರುತ್ತದೆ, ವಾದಕನು ತುಟಿಯಿಂದ ಅದನ್ನು ತಿದ್ದಿಕೊಳ್ಳಬೇಕಾಗುತ್ತದೆ, ಇನ್ನೂ ಬಲವಾಗಿ ಊದಿದರೆ ಸ್ವರವು ಹಾರಿ ಮೇಲಿನ ಸ್ಥಾಯಿಗೇ ಹೋಗುತ್ತದೆ. ಮೆಲ್ಲಗೆ ಊದಿದಾಗ ಗಾಳಿಯ ಸದ್ದು ನಾದದೊಡನೆ ಬೆರೆಯುತ್ತದೆ. ಅರ್ಧ ತೆರೆದ ರಂಧ್ರದ ಮೇಲೆ ಬೆರಳು ಜಾರುವಾಗ ಸ್ಥಾಯಿಯೂ ಗಾತ್ರವೂ ಬಣ್ಣವೂ ಮೂರೂ ಒಟ್ಟಿಗೆ ಚಲಿಸುತ್ತವೆ. ಯಂತ್ರದಲ್ಲಿ ಮೃದುವಾಗಿ ಊದಿದ ಮಾದರಿಯ ಗಾತ್ರವನ್ನು ಮಾತ್ರ ಹೆಚ್ಚಿಸಿದರೆ ಕೇಳುವವನಿಗೆ ಬಲವಾಗಿ ಊದಿದಂತೆ ತೋರುವುದಿಲ್ಲ. ಮೆಲ್ಲಗೆ ಊದುವವನು ಹತ್ತಿರಕ್ಕೆ ಬಂದು ಕುಳಿತಂತೆ ತೋರುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಮೃದು, ಮಧ್ಯ, ಬಲ ಎಂದು ಎರಡು ಮೂರು ಬಗೆಯ ಮಾದರಿಗಳನ್ನು ಇಟ್ಟು ಒಂದರಿಂದೊಂದಕ್ಕೆ ಬೆಸೆಯುವ ಏರ್ಪಾಡಿದೆ. ಸಾಧಾರಣ ಕೀಬೋರ್ಡಿನಲ್ಲಿ ಅದನ್ನು ಅಷ್ಟಾಗಿ ಕಾಣೆವು.

ಹಾಗಾದರೆ ಯಂತ್ರವನ್ನು ತಿರಸ್ಕರಿಸಿಬಿಡಬೇಕೆ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ|| ಎಚ್. ನರಸಿಂಹಯ್ಯನವರು (೧೯೨೦–೨೦೦೫) ಜೀವಮಾನವೆಲ್ಲ ನಮಗೆ ಕಲಿಸಿದುದು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದನ್ನು. ಪರೀಕ್ಷಿಸದೆ ತಳ್ಳುವುದೂ ಪ್ರಶ್ನಿಸದೆ ಒಪ್ಪುವುದರ ಇನ್ನೊಂದು ಮುಖವಷ್ಟೆ. ಆದುದರಿಂದ ಒಂದು ಉದಾಹರಣೆಯನ್ನು ತೆಗೆದುಕೊಂಡು ಪರೀಕ್ಷಿಸೋಣ.

ಶಿಡ್ಲಘಟ್ಟದ ಬಿಚ್ಚಾಣಿಕೆಯ ಮನೆತನದ ತರುಣನೊಬ್ಬನು ತಾನು ಮುದ್ರಿಸಿದ ದೇವರನಾಮವೊಂದರ ಮುನ್ನುಡಿಯನ್ನು ಮೂರು ಬಗೆಯಾಗಿ ಸಿದ್ಧಪಡಿಸಿ ನನಗೆ ಕೇಳಿಸಿದನು. ರಾಗವು ಮೋಹನ, ಸಂಚಾರವು ಗ, ಪ, ದ, ತಾರಷಡ್ಜ, ಮತ್ತೆ ದ, ಪ, ಗ, ರಿ, ಸ ಎಂದು ಸರಳವಾದುದು. ಮೂರರಲ್ಲಿಯೂ ಸ್ವರಗಳೂ ಕಾಲಪ್ರಮಾಣವೂ ಮಾದರಿಯೂ ಒಂದೇ. ಗಾತ್ರದ ನಡೆ ಮಾತ್ರ ಬೇರೆ. ವಿಮರ್ಶಕನಿಗೆ ಇದಕ್ಕಿಂತ ಅನುಕೂಲವಾದ ಸಾಮಗ್ರಿ ದೊರೆಯುವುದು ಅಪರೂಪ.

ಮೊದಲನೆಯದು ಯಂತ್ರವು ಕೊಟ್ಟದ್ದನ್ನು ಕೊಟ್ಟಂತೆಯೇ ಇಟ್ಟದ್ದು. ಒಂಬತ್ತು ಸ್ವರಗಳಿಗೂ ಒಂದೇ ಉದಯ, ಒಂದೇ ಇಳಿತ, ಒಂದೇ ಲಯ. ಕೂರಿಗೆಯಲ್ಲಿ ಬಿತ್ತಿದ ರಾಗಿಯ ಸಾಲುಗಳಂತೆ ಎಲ್ಲವೂ ಸಮ. ಪ್ರತಿಯೊಂದು ಸ್ವರಕ್ಕೂ ಮೊದಲ ಊದಿನ ಪೆಟ್ಟು ಮರುಕಳಿಸುವುದರಿಂದ, ಒಂದೇ ಮನೆಯ ಒಳಗೆ ಕೋಣೆಯಿಂದ ಕೋಣೆಗೆ ಹೋಗುವವನು ಪ್ರತಿ ಸಲವೂ ಹೊರಬಾಗಿಲ ಗಂಟೆಯನ್ನು ಬಾರಿಸಿದಂತೆ ಕೇಳಿಸಿತು. ಶ್ರುತಿಶುದ್ಧಿಯಲ್ಲಿ ಲೋಪವಿಲ್ಲ, ತಾಳದಲ್ಲಿ ಲೋಪವಿಲ್ಲ. ಆದರೂ ಅದು ಮೋಹನದ ಸ್ವರಗಳ ಪಟ್ಟಿಯಾಗಿತ್ತೇ ಹೊರತು ಮೋಹನವಾಗಿರಲಿಲ್ಲ.

ಎರಡನೆಯದರಲ್ಲಿ ಅವನು ಕಂಪ್ಯೂಟರಿನ ತೆರೆಯ ಮೇಲೆ ಗಾತ್ರದ ಗೆರೆಯೊಂದನ್ನು ಎಳೆದಿದ್ದನು. ೧೯೮೩ರಲ್ಲಿ ವಾದ್ಯಯಂತ್ರಗಳ ತಯಾರಕರು ಒಡಂಬಟ್ಟು ತಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಇದಕ್ಕೆಂದೇ ಅಂಕಗಳಿವೆ: ಏಳನೆಯದು ವಾದ್ಯದ ಒಟ್ಟು ಗಾತ್ರಕ್ಕೆ, ಹನ್ನೊಂದನೆಯದು ಹಾಡಿನ ಒಳಗಣ ಭಾವದ ಏರಿಳಿತಕ್ಕೆ, ಎರಡನೆಯದು ಉಸಿರಿಗೆ. ಒಂದೊಂದಕ್ಕೂ ಸೊನ್ನೆಯಿಂದ ೧೨೭ರ ವರೆಗೆ ೧೨೮ ಮೆಟ್ಟಿಲುಗಳು. ತರುಣನು ಹನ್ನೊಂದನೆಯದನ್ನು ಹಿಡಿದು, ಗಾಂಧಾರವನ್ನು ಮೆಲ್ಲಗೆ ತೆರೆದು, ಧೈವತದ ವರೆಗೆ ಬೆಳೆಸಿ, ತಾರಷಡ್ಜವನ್ನು ಮುಟ್ಟಿದೊಡನೆ ಸ್ವಲ್ಪ ತಗ್ಗಿಸಿ, ಇಳಿಯುವಾಗ ಕ್ರಮವಾಗಿ ಕುಗ್ಗಿಸಿ, ಮಧ್ಯಷಡ್ಜವನ್ನು ನೀರಿನಲ್ಲಿ ಕರಗಿಸಿದಂತೆ ಮುಗಿಸಿದ್ದನು. ನಡುವಣ ಸ್ವರಗಳ ಮೊದಲ ಪೆಟ್ಟನ್ನು ಕತ್ತರಿಸಿ ಒಂದನ್ನೊಂದಕ್ಕೆ ಹೊಂದಿಸಿದ್ದನು. ವ್ಯತ್ಯಾಸವು ಆಶ್ಚರ್ಯಕರವಾಗಿತ್ತು. ಸ್ವರಗಳು ಹೋಗಿ ಸಂಚಾರವು ಬಂದಿತು. ತಾರಷಡ್ಜವು ಎತ್ತರವಾದುದೆಂದು ಅದನ್ನೇ ಗಟ್ಟಿಯಾಗಿಸದೆ, ಅದರ ಹಿಂದಿನ ಧೈವತಕ್ಕೆ ಭಾರವನ್ನು ಕೊಟ್ಟ ವಿವೇಕವನ್ನು ವಿಶೇಷವಾಗಿ ಮೆಚ್ಚಬೇಕು. ಹಾಡುವವರೂ ಹೀಗೆಯೇ ಮಾಡುವರು. ಆದರೆ ಮುನ್ನುಡಿಯ ಎರಡನೆಯ ಆವೃತ್ತಿಗೆ ಅದೇ ಗೆರೆಯನ್ನು ನಕಲು ಮಾಡಿ ಅಂಟಿಸಿದ್ದರಿಂದ ಕುಶಲತೆಯು ಬಯಲಾಯಿತು. ಒಂದೇ ನಗೆಯನ್ನು ಎರಡು ಸಲ ಅಷ್ಟೇ ಅಳತೆಯಲ್ಲಿ ನಕ್ಕವನ ನಗೆಯನ್ನು ನಾವು ನಂಬುವುದಿಲ್ಲವಷ್ಟೆ.

ಮೂರನೆಯದರಲ್ಲಿ ಗೆರೆಯನ್ನು ಕೈಯಿಂದ ಎಳೆಯಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಊದಿದರೆ ಉಸಿರಿನ ಒತ್ತಡವನ್ನು ಅಳೆದು ಯಂತ್ರಕ್ಕೆ ತಿಳಿಸುವ ಸಣ್ಣ ನಳಿಕೆಯೊಂದುಂಟು. ಜಪಾನಿನ ಯಮಹಾ ಸಂಸ್ಥೆಯು ೧೯೮೦ರ ದಶಕದ ಆರಂಭದಲ್ಲಿಯೇ ಇದನ್ನು ಬಳಕೆಗೆ ತಂದಿತು. ತರುಣನು ಕೊಳಲನ್ನು ಕಲಿತವನಲ್ಲ. ಕೀಲಿಯನ್ನು ಒತ್ತುತ್ತ ನಳಿಕೆಯನ್ನು ಊದಿದನು. ಗೆರೆಯು ಡೊಂಕಾಯಿತು, ಗಾಂಧಾರವು ನಡುಗಿತು, ಇಳಿಯುವಾಗ ಪಂಚಮದ ಬಳಿ ಉಸಿರು ಸಾಲದೆ ಬಂದು, ಅಲ್ಲಿ ನಿಲ್ಲಿಸಿ, ಉಸಿರನ್ನು ಎಳೆದುಕೊಂಡು, ಗ, ರಿ, ಸ ಎಂಬ ಮೂರನ್ನು ಬೇರೆಯಾಗಿ ನುಡಿಸಿದನು. ಇಷ್ಟು ಊನಗಳಿದ್ದರೂ ಮೂರರಲ್ಲಿ ಇದೇ ಉತ್ತಮವೆಂದು ನನ್ನ ನಿರ್ಣಯ. ಉಸಿರು ಮುಗಿದ ಕಾರಣದಿಂದ ಬಂದ ಆ ವಿರಾಮವು ಸಂಚಾರಕ್ಕೆ ಅರ್ಥವನ್ನು ಕೊಟ್ಟಿತು: ಏರಿ ಇಳಿದ ಮಾತು ಒಂದು, ಅದಕ್ಕೆ ಶಾಂತವಾದ ಉತ್ತರವೊಂದು. ಎರಡನೆಯ ಆವೃತ್ತಿಯಲ್ಲಿ ವಿರಾಮವು ತಾನಾಗಿಯೇ ಬೇರೆ ಕಡೆ ಬಂದಿತು. ಯಾರೂ ಯೋಚಿಸಿ ಮಾಡದ ಈ ವೈವಿಧ್ಯವು ತೆರೆಯ ಮೇಲೆ ಎಷ್ಟು ಗೆರೆ ಎಳೆದರೂ ಸುಲಭವಾಗಿ ಬರತಕ್ಕದ್ದಲ್ಲ.

ಇದರಿಂದ ಸಿದ್ಧವಾಗುವ ತತ್ತ್ವವೇನು? ಉಸಿರಿನ ಶಕ್ತಿಯಷ್ಟೇ ಅಲ್ಲ, ಉಸಿರಿನ ಮಿತಿಯೂ ಸಂಗೀತಕ್ಕೆ ಆಕಾರವನ್ನು ಕೊಡುತ್ತದೆ. ಛಂದಸ್ಸಿನಲ್ಲಿ ಯತಿಗೆ ಇರುವ ಸ್ಥಾನವೇ ಕೊಳಲಿನಲ್ಲಿ ಉಸಿರಿಗೆ ಇದೆ. ನಮ್ಮ ಪ್ರಾಚೀನ ಕನ್ನಡ ಕವಿಗಳು ಪ್ರಾಸವನ್ನು ಬಿಗಿಯಾಗಿ ಹಿಡಿದು ಯತಿಯನ್ನು ಧಾರಾಳವಾಗಿ ಉಲ್ಲಂಘಿಸಿದರು; ಅದರಿಂದ ಅವರ ಕಾವ್ಯಕ್ಕೆ ಕೊರತೆಯಾಗಲಿಲ್ಲ. ಓದುವವನು ತನಗೆ ಬೇಕಾದೆಡೆ ನಿಲ್ಲಬಲ್ಲನು. ಕೊಳಲಿನವನಿಗೆ ಈ ಸ್ವಾತಂತ್ರ್ಯವಿಲ್ಲ. ಎಲ್ಲಿ ಉಸಿರು ತೆಗೆಯಬೇಕೆಂಬುದನ್ನು ಮೊದಲೇ ಬಗೆದು, ಇರುವ ಉಸಿರನ್ನು ಅದಕ್ಕೆ ತಕ್ಕಂತೆ ಹಂಚಬೇಕು. ಆ ಹಂಚಿಕೆಯೇ ಗಾತ್ರದ ಏರಿಳಿತವಾಗಿ ನಮಗೆ ಕೇಳಿಸುವುದು. ಹೆಣ್ಣುಹುಲಿಯು ಮರಿಯನ್ನು ಹಲ್ಲಿನಿಂದ ಹಿಡಿದು ಒಯ್ಯುವಾಗ ಬೀಳಿಸದೆಯೂ ನೋಯಿಸದೆಯೂ ಒಯ್ಯುವಂತೆ ವರ್ಣಗಳನ್ನು ಉಚ್ಚರಿಸಬೇಕೆಂದು ಶಿಕ್ಷಾಶಾಸ್ತ್ರವು ಹೇಳುತ್ತದೆ. ಸ್ವರವನ್ನು ಹಿಡಿಯುವ ಉಸಿರಿಗೂ ಇದೇ ಹದ.

ಕೊಳಲಿಗೆ ಹೇಳಿದ ಮಾತನ್ನು ನಾಗಸ್ವರಕ್ಕೆ ಹಾಗೆಯೇ ಹೇಳಲಾಗದು. ನಾಗಸ್ವರವು ಪೀಪಿಯ ವಾದ್ಯ. ತೇರಿನ ಬೀದಿಯಲ್ಲಿ ದೂರಕ್ಕೆ ಕೇಳಿಸಬೇಕಾದ ಅದರ ನಾದದಲ್ಲಿ ಕೊಳಲಿನಷ್ಟು ಮೃದುತ್ವಕ್ಕೆ ಅವಕಾಶವಿಲ್ಲ. ಅಲ್ಲಿ ಸ್ವರದ ಆದಿಯನ್ನು ತಿದ್ದುವುದು ನಾಲಿಗೆ. ಇದಕ್ಕೆ ತುತ್ತುಕಾರವೆಂದು ಹೆಸರು. ತುಟಿಯ ಒತ್ತಡವೂ ಗಾಳಿಯ ಬಲವೂ ಸೇರಿ ಸ್ಥಾಯಿಯನ್ನೇ ಅಲುಗಿಸುವುದರಿಂದ, ಗಾತ್ರವನ್ನು ಸ್ಥಾಯಿಯಿಂದ ಬೇರ್ಪಡಿಸಿ ಗೆರೆಯೆಳೆಯುವ ಯಂತ್ರದ ಉಪಾಯವು ಇಲ್ಲಿ ಇನ್ನೂ ಹೆಚ್ಚಾಗಿ ಸೋಲುತ್ತದೆ. ಯಂತ್ರದ ಕೊಳಲನ್ನು ಕೇಳಿ ಸಹಿಸಬಹುದಾದ ಕಿವಿಯೂ ಯಂತ್ರದ ನಾಗಸ್ವರವನ್ನು ಕೇಳಿ ಮುಖ ಸಿಂಡರಿಸುವುದು ಈ ಕಾರಣದಿಂದಲೇ. ವಾಲಗದ ಮೇಳದಲ್ಲಿ ಯಂತ್ರವು ಮೊದಲು ಯಾರ ಜಾಗವನ್ನು ಆಕ್ರಮಿಸಿತೆಂಬುದನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದು ಶ್ರುತಿ ಹಿಡಿಯುವವನ ಜಾಗ. ಗಲ್ಲವನ್ನು ಉಬ್ಬಿಸಿ, ಮೂಗಿನಿಂದ ಗಾಳಿಯೆಳೆಯುತ್ತ, ಎಡೆಬಿಡದೆ ಒಂದೇ ಗಾತ್ರದಲ್ಲಿ ಒಂದೇ ಸ್ವರವನ್ನು ಊದುವುದು ಅವನ ಧರ್ಮ. ಏರಿಳಿತವಿಲ್ಲದಿರುವುದೇ ಎಲ್ಲಿ ಗುಣವೋ ಅಲ್ಲಿ ಯಂತ್ರಕ್ಕೆ ಗೆಲವು ಸುಲಭವಾಯಿತು. ವಿದ್ಯುತ್ ಶ್ರುತಿಪೆಟ್ಟಿಗೆಯು ಬಂದು ಶ್ರುತಿಯವನು ಮನೆಗೆ ಹೋದನು. ಮುಖ್ಯವಾದಕನ ಜಾಗದಲ್ಲಿ ಅದೇ ಯಂತ್ರವನ್ನು ಕೂರಿಸುವವರು ಈ ಭೇದವನ್ನು ಗಮನಿಸಿಲ್ಲ.

ಕೀಲಿಮಣೆಯೇ ಎಲ್ಲ ದೋಷಕ್ಕೂ ಮೂಲವೆಂದು ಹೇಳುವವರೂ ಇದ್ದಾರೆ. ಹಾರ್ಮೋನಿಯಂ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋ ಸಂಸ್ಥೆಯು ೧೯೪೦ರಿಂದ ೧೯೭೧ರ ವರೆಗೆ ಬಹಿಷ್ಕರಿಸಿತ್ತು. ಗಮಕಗಳಿಗೆ ಎಡೆಕೊಡದ ಅದರ ಸ್ಥಿರಸ್ವರಗಳೇ ಆಗಿನ ಮುಖ್ಯ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೂ ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟರ ಕೈ ತಿದಿಯ ಮೇಲೆ ಹೇಗೆ ಆಡುತ್ತದೆಂಬುದನ್ನು ನೋಡಿರಿ. ದುಃಖದ ಕಂದಪದ್ಯಕ್ಕೆ ತಿದಿಯನ್ನು ತಡೆತಡೆದು ಒತ್ತುವರು. ಭೀಮನ ಆರ್ಭಟಕ್ಕೆ ತುಂಬಿ ಒತ್ತುವರು. ಆ ಗಾಳಿಯು ಪೆಟ್ಟಿಗೆಯದಾದರೂ ಅದನ್ನು ಅಳೆದು ಬಿಡುವುದು ಮನುಷ್ಯನ ಕೈ. ಇನ್ನೂ ಬಲವಾದ ನಿದರ್ಶನವು ಕದ್ರಿ ಗೋಪಾಲನಾಥರದು (೧೯೪೯–೨೦೧೯). ನಾಗಸ್ವರವಿದ್ವಾಂಸರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮೋಹಗೊಂಡು, ಕೀಲಿಗಳಿಂದಲೇ ತುಂಬಿದ ಆ ಪರದೇಶದ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿಯೂ ನುಡಿಸಿದರು. ಕೀಲಿಗಳಿದ್ದುವು, ಆದರೆ ಅವುಗಳ ಹಿಂದೆ ಉಸಿರೂ ತುಟಿಯೂ ಇದ್ದುವು, ಅವುಗಳ ಹಿಂದೆ ನಾಗಸ್ವರದ ಮನೆಯ ಸಂಸ್ಕಾರವಿತ್ತು. ಆದುದರಿಂದ ಕೀಲಿಯನ್ನು ದೂರುವುದು ಸಲ್ಲದು. ಕೀಲಿಯ ಹಿಂದೆ ಯಾರಿದ್ದಾರೆಂದು ಕೇಳುವುದು ಸಲ್ಲುವುದು.

ಯಂತ್ರದ ಸುಷಿರನಾದವನ್ನು ವಿಮರ್ಶಿಸಲು ನಮಗೆ ಬೇರೆ ಅಳತೆಗೋಲು ಬೇಕಾಗಿಲ್ಲ. ಶಾರ್ಙ್ಗದೇವನು ಊದುವಿಕೆಗೆ, ಅವನ ಮಾತಿನಲ್ಲಿ ಫೂತ್ಕಾರಕ್ಕೆ, ಹನ್ನೆರಡು ಗುಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಘನತೆ, ವ್ಯಕ್ತಿ, ಮೂರು ಸ್ಥಾಯಿಗಳಲ್ಲಿಯೂ ನಿಲ್ಲುವ ಶಕ್ತಿ, ದೂರಕ್ಕೆ ಕೇಳಿಸುವಿಕೆ ಇವು ಯಂತ್ರಕ್ಕೆ ಸಹಜವಾಗಿಯೇ ದೊರೆತಿವೆ. ಸ್ನಿಗ್ಧತೆ, ಲಾಲಿತ್ಯ, ಕೋಮಲತ್ವ ಇವು ಗೆರೆಯೆಳೆಯುವವನ ಶ್ರದ್ಧೆಯಿಂದ ತಕ್ಕಮಟ್ಟಿಗೆ ಬಂದಾವು. ಆದರೆ ಆ ಪಟ್ಟಿಯಲ್ಲಿ ಸಾವಧಾನತೆಯೆಂಬುದೊಂದು 

ಗುಣವಿದೆ. ಸಾವಧಾನತೆಯೆಂದರೆ ಊದುತ್ತಿರುವ ಕ್ಷಣದಲ್ಲಿ ಮನಸ್ಸು ಅಲ್ಲಿಯೇ ಇರುವುದು. ಮಾದರಿಗೆ ಇದು ಇಲ್ಲ, ಇರಲಾರದು. ಯಂತ್ರವನ್ನು ನುಡಿಸುವವನು ತನ್ನಿಂದ ಅದನ್ನು ತುಂಬಬೇಕು. ಹಾಗೆ ತುಂಬಿದವನನ್ನು ಕಲಾವಿದನೆಂದು ಕರೆಯಲು ನನಗೆ ಸಂಕೋಚವಿಲ್ಲ. ಯಂತ್ರವು ಕೊಟ್ಟ ನಾಲ್ಕು ಅವಸ್ಥೆಗಳನ್ನು ಕೊಟ್ಟಂತೆಯೇ ಬಿಟ್ಟು ಕೀಲಿಯೊತ್ತುವವನನ್ನು ಹಾಗೆ ಕರೆಯಲಾರೆ.

ಕೊನೆಗೆ ವ್ಯವಹಾರದ ಮಾತು. ಮಹಾಶಿವರಾತ್ರಿಯಲ್ಲಿ ನಂದಿಯ ಭೋಗನಂದೀಶ್ವರನ ತೇರಿಗೂ, ಗುರುಪೂರ್ಣಿಮೆಯಲ್ಲಿ ಕೈವಾರದ ಸಂಗೀತೋತ್ಸವಕ್ಕೂ ನಮ್ಮ ಜನರು ಸಾವಿರಗಟ್ಟಲೆ ಸೇರುತ್ತಾರೆ. ಇಂಥ ಕ್ಷೇತ್ರಗಳ ನೆರಳಿನಲ್ಲಿಯೇ ಬೆಳೆದ ವಾಲಗದ ಮನೆಗಳಲ್ಲಿ ಎಷ್ಟೋ ಕಡೆ ತಂದೆಯು ಮಗನಿಗೆ ಪೀಪಿಯನ್ನು ಕೊಡಲು ಹಿಂಜರಿಯುತ್ತಿದ್ದಾನೆ. ಕರೆಯುವವರಿಲ್ಲದ ವಿದ್ಯೆಯನ್ನು ಮಗನ ತಲೆಗೆ ಕಟ್ಟಲು ಯಾವ ತಂದೆಗೆ ಮನಸ್ಸು ಬಂದೀತು? ಆತನು ಹೋದ ಮೇಲೆ ಉಸಿರಿನ ಗೆರೆ ಹೇಗಿರಬೇಕೆಂದು ತೋರಿಸಿಕೊಡುವವರು ಯಾರು? ಯಂತ್ರಕ್ಕೆ ಮಾದರಿಯನ್ನು ಕೊಡುವುದಕ್ಕಾದರೂ ಒಬ್ಬನು ಊದಲೇಬೇಕಷ್ಟೆ. ಆದುದರಿಂದ ಮದುವೆ ಮಾಡುವ ಗೃಹಸ್ಥರಲ್ಲಿಯೂ ದೇವಸ್ಥಾನದ ಧರ್ಮದರ್ಶಿಗಳಲ್ಲಿಯೂ ನನ್ನ ವಿನಂತಿಯು ಇಷ್ಟೆ: ಊದುವವನು ಊರಿನಲ್ಲಿ ಇರುವಾಗ ಅವನನ್ನು ಕರೆಯಿರಿ, ಇಲ್ಲದಾಗ ಯಂತ್ರವು ಇರಲಿ. ಮನೆಯಲ್ಲಿ ಹಾಡುಗಳನ್ನು ಮುದ್ರಿಸುವ ತರುಣರಲ್ಲಿ ಇನ್ನೊಂದು ವಿನಂತಿ: ಗೆರೆಯನ್ನು ಎಳೆಯುವ ಮೊದಲು ಆ ಸಂಚಾರವನ್ನು ಒಮ್ಮೆ ನಿಮ್ಮ ಬಾಯಿಂದ ಹಾಡಿರಿ, ಎಲ್ಲಿ ಉಸಿರು ಮುಗಿಯುತ್ತದೆಯೋ ಅಲ್ಲಿ ಗೆರೆಯನ್ನು ಮುರಿಯಿರಿ. ಸಾಧ್ಯವಾದರೆ ಹತ್ತು ರೂಪಾಯಿ ಹೆಚ್ಚು ಖರ್ಚಾದರೂ ಒಂದು ಬಿದಿರಿನ ಕೊಳಲನ್ನು ಕೊಂಡು, ಅದರಲ್ಲಿ ಒಂದು ಷಡ್ಜವು ನೆಟ್ಟಗೆ ನಿಲ್ಲುವವರೆಗೆ ಊದಿರಿ. ಆ ಒಂದು ಷಡ್ಜವನ್ನು ನಿಲ್ಲಿಸಲು ಪಟ್ಟ ಕಷ್ಟವು ನಿಮ್ಮ ಯಂತ್ರದ ನಾದದಲ್ಲಿ ಕೇಳುವವರಿಗೆ ಖಂಡಿತವಾಗಿಯೂ ಕೇಳಿಸುತ್ತದೆ.